ಮಗನಿಗೆ ಅಪರೂಪದ ಹೆಸರು: ಎಲ್ಲಿ ಹುಡುಕಿದರೆ ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ

ಗಂಡುಮಗುವಿಗೆ ಯಾರಿಗೂ ಇಲ್ಲದ ಹೆಸರಿಡಬೇಕೆಂದು ಹೊರಟವರಲ್ಲಿ ಬಹಳ ಮಂದಿ ಕೊನೆಗೆ ಬಂದು ನಿಲ್ಲುವುದು ಆರವ್, ವಿಹಾನ್, ವಿವಾನ್, ಅದ್ವಿಕ್‌ಗಳ ಹತ್ತಿರ. ಎಲ್ಲರೂ ಅಂತರ್ಜಾಲದ ಅದೇ ಪಟ್ಟಿಗಳನ್ನು ತೆರೆದು, ಅದರಲ್ಲಿ 'ಅಪರೂಪ' ಎಂಬ ವಿಭಾಗದಿಂದಲೇ ಆರಿಸಿದರೆ ಇನ್ನೇನಾಗುತ್ತದೆ? ಅಪ್ಪನ ತರಗತಿಯಲ್ಲಿ ಮೂವರು ಮಂಜುನಾಥರಿದ್ದರು, ಮೇಷ್ಟರು ಇನಿಷಿಯಲ್ ಸೇರಿಸಿ ಕರೆಯುತ್ತಿದ್ದರು. ಮಗನ ತರಗತಿಯಲ್ಲಿ ಮೂವರು ಆರವ್‌ಗಳಿಗೂ ಅದೇ ಗತಿ. ಅಪರೂಪದ ಹೆಸರು ಬೇಕಿದ್ದರೆ ಪಟ್ಟಿಯನ್ನು ಮುಚ್ಚಿ ಹಿಂದಕ್ಕೆ ನೋಡಬೇಕು, ಇಲ್ಲವೇ ಪಕ್ಕದ ಜಿಲ್ಲೆಯ ಕಡೆ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ನೋಡುವ ಕೆಲವು ದಾರಿಗಳನ್ನು ಇಲ್ಲಿ ಒಂದರ ಪಕ್ಕ ಒಂದಿಟ್ಟಿದ್ದೇನೆ.

ಹೋಲಿಸುವ ಮೊದಲು ಒಂದು ಅಳತೆಗೋಲು. ಹೆಸರು ಎಷ್ಟು ವಿರಳ, ಅದರ ಅರ್ಥವೇನು ಎಂದು ಎಲ್ಲರೂ ಕೇಳುತ್ತಾರೆ. ಅದು ಮುರಿದಾಗ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಕನ್ನಡಿಗರು ಯಾವ ಹೆಸರನ್ನೂ ಇಡಿಯಾಗಿ ಉಳಿಸಿದವರಲ್ಲ. ಶ್ರೀನಿವಾಸ ಸೀನನಾಗುತ್ತಾನೆ, ವೆಂಕಟೇಶ ವೆಂಕನಾಗುತ್ತಾನೆ, ಕೃಷ್ಣ ಕಿಟ್ಟಿಯಾಗುತ್ತಾನೆ, ಸುಬ್ರಹ್ಮಣ್ಯ ಸುಬ್ಬನಾಗುತ್ತಾನೆ. ನೀವು ಎಷ್ಟೇ ಯೋಚಿಸಿ ಇಟ್ಟರೂ ಮೂರನೆಯ ತರಗತಿಯ ಹುಡುಗರು ಒಂದೇ ವಾರದಲ್ಲಿ ಅದನ್ನು ತುಂಡು ಮಾಡುತ್ತಾರೆ. ಆ ತುಂಡು ಹೇಗೆ ಕೇಳಿಸುತ್ತದೆ ಎಂಬುದನ್ನು ತೊಟ್ಟಿಲಿಗೆ ಹಾಕುವ ಮೊದಲೇ ಯೋಚಿಸಬೇಕು.

ಪಟ್ಟಿಯ ಹೆಸರುಗಳು

ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಯಿಗೆ ಸುಲಭ, ಚಿಕ್ಕವು, ದೇಶದ ಯಾವ ಮೂಲೆಯಲ್ಲೂ ನಡೆಯುತ್ತವೆ. ದೋಷ ಎರಡು. ಮೊದಲನೆಯದು, ಅವು ಅಪರೂಪವಲ್ಲ. ಎರಡನೆಯದು, ಪಟ್ಟಿ ಹೇಳುವ ಅರ್ಥವನ್ನು ನಂಬುವಂತಿಲ್ಲ. ಆರವ್‌ಗೆ 'ಶಾಂತ' ಎಂಬ ಅರ್ಥವನ್ನು ಕೊಡುವ ಪಟ್ಟಿಗಳಿವೆ. ನಿಘಂಟಿನಲ್ಲಿ 'ಆರವ' ಎಂದರೆ ಸದ್ದು, ಕೂಗು. ರಾತ್ರಿಯಿಡೀ ಅಳುವ ಕೂಸಿಗೆ ಅದು ಒಪ್ಪಿದರೂ ಒಪ್ಪೀತು, ಆದರೆ ಅಪ್ಪ ಅಮ್ಮ ಬಯಸಿದ್ದು ಅದನ್ನಲ್ಲ. ಅದ್ವಿಕ್‌ಗೆ 'ಸಾಟಿಯಿಲ್ಲದವನು' ಎನ್ನುತ್ತಾರೆ. ಆ ಅರ್ಥದ ಪದ ಅದ್ವಿತೀಯ. ವಿವಾನ್‌ಗೆ ಸೂರ್ಯನ ನಂಟು ಹೇಳುತ್ತಾರೆ. ಸೂರ್ಯನ ಹೆಸರು ವಿವಸ್ವಾನ್.

ಇಂಥ ಹೆಸರೊಂದು ಮನಸ್ಸಿಗೆ ಹಿಡಿದಿದ್ದರೆ ಅದರ ಬೇರಿನ ತನಕ ಹೋಗಿ ನೋಡಿ. ಅದ್ವಿಕ್‌ನ ಬದಲು ಅದ್ವಯ, ವಿವಾನ್‌ನ ಬದಲು ವಿವಸ್ವಾನ್. ಅರ್ಥವೂ ಗಟ್ಟಿ, ತರಗತಿಯಲ್ಲಿ ಇನ್ನೊಬ್ಬ ಸಿಗುವ ಸಂಭವವೂ ಕಡಿಮೆ. ಸಂಖ್ಯಾಶಾಸ್ತ್ರದವರ ಮಾತು ಕೇಳಿ ಇಂಗ್ಲಿಷ್ ಕಾಗುಣಿತಕ್ಕೆ ಒಂದು 'ಎ', ಒಂದು 'ಎಚ್' ಹೆಚ್ಚಾಗಿ ಸೇರಿಸುವುದರಿಂದ ಹೆಸರು ಅಪರೂಪವಾಗುವುದಿಲ್ಲ. ಆ ಹುಡುಗ ಬದುಕಿನುದ್ದಕ್ಕೂ ಕೌಂಟರ್‌ಗಳ ಮುಂದೆ ನಿಂತು ಅಕ್ಷರ ಬಿಡಿಸಿ ಹೇಳುವಂತಾಗುತ್ತದೆ, ಅಷ್ಟೇ.

ಕಲ್ಲಿನ ಮೇಲಿನ ಹೆಸರುಗಳು

ನನಗೆ ಎಲ್ಲಕ್ಕಿಂತ ಇಷ್ಟವಾದ ಗಣಿ ಇದು. ಕರ್ನಾಟಕದಲ್ಲಿ ಸಾವಿರಾರು ಶಾಸನಗಳಿವೆ, ಅವುಗಳಲ್ಲಿ ರಾಜರಷ್ಟೇ ಅಲ್ಲ, ದನ ಕಾಯಲು ಹೋಗಿ ಸತ್ತವರು, ಕೆರೆ ಕಟ್ಟಿಸಿದವರು, ಸಾಕ್ಷಿ ನಿಂತವರು ಎಲ್ಲರ ಹೆಸರೂ ಇವೆ. ಐದನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿ ವಿಜ ಅರಸ ಇದ್ದಾನೆ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಹೊತ್ತಿಗೆ 'ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ' ಎಂದು ಹೊಗಳಿಸಿಕೊಂಡ ಕಪ್ಪೆ ಅರಭಟ್ಟ ಇದ್ದಾನೆ. ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು 750ರ ವೀರಗಲ್ಲಿನ ಕಿತ್ತಯ ಇದ್ದಾನೆ, ಬೇಗೂರಿನ ಕಲ್ಲಿನಲ್ಲಿ ನಾಗತ್ತರ ಇದ್ದಾನೆ. ಇವು ಒಂದು ಕಾಲದಲ್ಲಿ ಇಲ್ಲಿಯ ತಾಯಂದಿರು ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದ ಹೆಸರುಗಳು. ಈಗ ಯಾರೂ ಇಟ್ಟುಕೊಂಡಂತಿಲ್ಲ. ವಿರಳತೆಯಲ್ಲಿ ಇವುಗಳಿಗೆ ಪೂರ್ತಿ ಅಂಕ.

ತೊಡಕಿರುವುದು ಮುರಿಯುವ ಪರೀಕ್ಷೆಯಲ್ಲಿ. ಗಂಗರ ಬೂತುಗ ಮಹಾಶೂರ. ಇಂದಿನ ಶಾಲೆಯಲ್ಲಿ ಅವನು ಮೊದಲ ದಿನವೇ ಭೂತ. ಹೊಯ್ಸಳರ ಎರೆಯಂಗ ಎರೆಹುಳುವಾಗುತ್ತಾನೆ. ಚಾಲುಕ್ಯರ ತೈಲಪನಿಗೆ ಎಣ್ಣೆ ಅಂಟಿಕೊಳ್ಳುತ್ತದೆ. ಕಪ್ಪೆ ಅರಭಟ್ಟನ ಮೊದಲ ಪದವನ್ನಂತೂ ಬಿಡಲೇಬೇಕು. ಉಳಿದ 'ಅರಭಟ್ಟ' ಕೇಳಲು ಚೆನ್ನ, ಆದರೆ ಭಟ್ಟ ಎಂಬ ಬಾಲದಿಂದ ಜಾತಿಯ ಲೆಕ್ಕಾಚಾರ ಶುರುವಾಗುತ್ತದೆ. ಗಂಗ ವಂಶದಲ್ಲಿ ಅಪ್ಪನ ಹೆಸರು ಅವಿನೀತ, ಮಗನ ಹೆಸರು ದುರ್ವಿನೀತ. ವಿನಯವಿಲ್ಲದವನಿಗೆ ಕೆಟ್ಟ ನಡತೆಯವನು ಹುಟ್ಟಿದ ಹಾಗೆ ಕೇಳಿಸುತ್ತದೆ. ಇಬ್ಬರೂ ದೀರ್ಘಕಾಲ ಆಳಿದರು, ದುರ್ವಿನೀತನಂತೂ ಹಳಗನ್ನಡದ ಗದ್ಯ ಲೇಖಕರ ಸಾಲಿನಲ್ಲಿ ನೆನಪಾಗುವ ದೊರೆ. ಆದರೂ ಪೋಷಕರ ಸಭೆಯಲ್ಲಿ "ನಾನು ದುರ್ವಿನೀತನ ತಂದೆ" ಎಂದು ಪರಿಚಯ ಹೇಳಿಕೊಳ್ಳುವ ಧೈರ್ಯ ನಿಮಗಿದೆಯೇ ನೋಡಿಕೊಳ್ಳಿ.

ಮಂಗಳೇಶ ಎಂಬ ಹೆಸರು ನೋಡಿ. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನ ಬರೆಸಿದ ಚಾಲುಕ್ಯ. ಹೆಸರು ಶುಭ, ಅಜ್ಜಿಗೂ ಹೇಳಲು ಬರುತ್ತದೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ, ಆದರೂ ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬ ಸಿಗಲಾರ. ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ಮೊದಲ ಎರಡು ಅಕ್ಷರಗಳನ್ನು ಮಾತ್ರ ಓದಿ ನೋಡಿ. ಅಲ್ಲಿಗೆ ಮುಗಿಯಿತು. ಧೈರ್ಯವಿದ್ದವರು ಇಡಬಹುದು, ನಾನಂತೂ ಇಡುವುದಿಲ್ಲ.

ಅದೇ ವಂಶದ ವಿನಯಾದಿತ್ಯ ಈ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುತ್ತಾನೆ. ಇಡೀ ಹೆಸರು ವಿರಳ. ಮುರಿದರೆ ವಿನಯ, ಇಲ್ಲವೇ ಆದಿತ್ಯ, ಎರಡೂ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಮಗನಿಗೆ ಮುಂದೆ ಗುಂಪಿನಲ್ಲಿ ಬೆರೆಯಬೇಕೆನಿಸಿದರೆ ತುಂಡನ್ನು ಬಳಸುತ್ತಾನೆ, ಎದ್ದು ಕಾಣಬೇಕೆನಿಸಿದರೆ ಇಡಿಯನ್ನು ಬಳಸುತ್ತಾನೆ. ಮಾರಸಿಂಹ, ಅಮೋಘವರ್ಷ ಇದೇ ಜಾತಿಯವು. ಅಮೋಘವರ್ಷನನ್ನು ಅಮೋಘ ಎಂದು ಕರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಕೀರ್ತಿವರ್ಮ ಮಾತ್ರ ಮುರಿದರೆ ಕೀರ್ತಿಯಾಗಿ ಹುಡುಗಿಯರ ಸಾಲಿಗೆ ಸೇರುತ್ತಾನೆ, ಅದಕ್ಕೆ ಮನೆಯವರ ಒಪ್ಪಿಗೆ ಇದೆಯೇ ಕೇಳಿಕೊಳ್ಳಿ.

ಅಜ್ಜ, ಊರ ದೇವರು, ಪಕ್ಕದ ಜಿಲ್ಲೆ

ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಎಂಬ ಪದ್ಧತಿ ಅನೇಕ ಮನೆಗಳಲ್ಲಿ ಇನ್ನೂ ಇದೆ. ಮಾವನ ಹೆಸರನ್ನು ಬಾಯಲ್ಲಿ ಹೇಳದ ಸೊಸೆಯಂದಿರು ಆ ಮಗುವನ್ನು 'ಅಪ್ಪಾಜಿ', 'ಪುಟ್ಟಸ್ವಾಮಿ' ಎಂದು ಕರೆದು ಪಾರಾಗುತ್ತಿದ್ದರು. ಹತ್ತನೆಯ ಶತಮಾನದ ಕವಿ ರನ್ನ ಆಶ್ರಯ ಕೊಟ್ಟವರ ಋಣ ತೀರಿಸಲು ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ. ಇನ್ನೊಬ್ಬರ ಹೆಸರನ್ನು ಮುಂದುವರಿಸುವುದು ಹೊಸ ಸಂಗತಿಯೇನಲ್ಲ. ಈಗಿನ ತಂದೆತಾಯಿಗಳಿಗೆ ಇರುವ ಅಳುಕು ಬೇರೆ: ಗುಂಡಪ್ಪ, ತಿಪ್ಪಣ್ಣ, ಕಲ್ಲಪ್ಪ ಎಂದರೆ ಹಳೆಯದಾಯಿತಲ್ಲ?

ಹಳೆಯದಾಯಿತು, ನಿಜ. ಅದಕ್ಕೇ ಈಗ ವಿರಳ. ಆದರೆ ಈ ಹೆಸರುಗಳ ಹಿಂದಿನ ಕಥೆ ತಿಳಿದು ಇಡುವುದು ಒಳ್ಳೆಯದು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ ಎಂದು ಹೆಸರಿಡುತ್ತಿದ್ದರು. ಯಾರಿಗೂ ಬೇಡದ ಹೆಸರಿದ್ದರೆ ಸಾವಿಗೂ ಬೇಡವಾಗುತ್ತದೆ ಎಂಬ ನಂಬಿಕೆ. ಚಿತ್ರದುರ್ಗದ ಕಡೆಯ ತಿಪ್ಪೇಸ್ವಾಮಿಗಳೆಲ್ಲ ಹಾಗೆ ಬಂದವರಲ್ಲ, ಅಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿ ಇದೆ. ಅಜ್ಜನ ಹೆಸರು ಎಲ್ಲಿಂದ ಬಂತು ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ.

ಊರ ದೇವರ ಹೆಸರುಗಳಲ್ಲಿ ಒಂದು ಲಾಭವಿದೆ: ವಿರಳತೆ ಅಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತದೆ. ಕೊಟ್ಟೂರಿನ ಸುತ್ತಮುತ್ತ ಕೊಟ್ರೇಶ ಎಂದು ಕೂಗಿದರೆ ಓಣಿಯ ಅರ್ಧ ಜನ ತಿರುಗಿ ನೋಡುತ್ತಾರೆ. ಅದೇ ಹೆಸರು ಮೈಸೂರಿನಲ್ಲಿ ಕಿವಿ ನಿಮಿರಿಸುತ್ತದೆ. ಕೊಪ್ಪಳದ ಗವಿಸಿದ್ದಪ್ಪ, ಉಳವಿಯ ಉಳವಪ್ಪ, ಹಂಪಿಯ ಕಡೆಯ ಹಂಪಣ್ಣ, ಮಲೆ ಮಹದೇಶ್ವರನ ಒಕ್ಕಲಿನ ಮಾದೇಶ ಎಲ್ಲಕ್ಕೂ ಇದೇ ಮಾತು. ಮನೆದೇವರು ಅಲ್ಲಿಯವನೇ ಆಗಿದ್ದು, ನೀವು ಬೆಂಗಳೂರಿನಲ್ಲಿ ನೆಲೆಸಿದ್ದರೆ ಇದಕ್ಕಿಂತ ಸುಲಭವಾಗಿ ಅಪರೂಪದ ಹೆಸರು ಸಿಗುವುದಿಲ್ಲ. ಅಜ್ಜಿಗೂ ಸಮಾಧಾನ, ಮಗುವಿಗೂ ಹೆಸರಿನ ಜೊತೆ ವರ್ಷಕ್ಕೊಮ್ಮೆ ಹೋಗಿ ಬರುವ ಊರೊಂದು ಸಿಗುತ್ತದೆ. ಗವಿಸಿದ್ಧ ಎಂದು ಬರೆಸಿ ಸಿದ್ದು ಎಂದು ಕರೆದರೆ ಮುರಿಯುವ ಪರೀಕ್ಷೆಯೂ ಪಾಸು.

ತುಳುನಾಡಿನ ಹಳೆಯ ಪದ್ಧತಿಯಲ್ಲಿ ಹುಟ್ಟಿದ ವಾರವೇ ಹೆಸರು: ಐತ, ಸೋಮ, ಅಂಗಾರ, ಬುದ, ಗುರುವ, ತುಕ್ರ, ತನಿಯ. ಬಹುಮಟ್ಟಿಗೆ ಇವು ಗದ್ದೆಯಲ್ಲಿ ದುಡಿದ ಜನರ ಮನೆಯ ಹೆಸರುಗಳಾಗಿದ್ದವು. ಶಾಲೆಗೆ ಹೋದ ಮುಂದಿನ ತಲೆಮಾರು ಇವುಗಳನ್ನು ಬಿಟ್ಟಿದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಸುಳ್ಯದಿಂದ ಮತ್ತೆ ಮತ್ತೆ ಗೆದ್ದು ಸಚಿವರಾದ ಎಸ್. ಅಂಗಾರ ಅವರ ಹೆಸರು ವಿಧಾನಸಭೆಯ ಕಡತಗಳಲ್ಲಿ ಗೌರವದಿಂದಲೇ ದಾಖಲಾಗಿದೆ. ಮಂಗಳವಾರ ಹುಟ್ಟಿದ ಮಗನಿಗೆ ಅಂಗಾರ ಎಂಬುದು ಇಂದು ಚಿಕ್ಕದಾದ, ಬಿಸಿಯಾದ, ಅರ್ಥವಿರುವ ಹೆಸರು. ಪಟ್ಟಿಗಳಲ್ಲಿ ಅದನ್ನು ಇನ್ನೂ ಯಾರೂ ಹಾಕಿದಂತಿಲ್ಲ.

ಕಥೆಯ ಬದಿಯಲ್ಲಿ ನಿಂತವರು

ರಾಮ, ಕೃಷ್ಣ, ಅರ್ಜುನರನ್ನು ಬಿಟ್ಟು ಎದುರು ಪಾಳೆಯಕ್ಕೆ ಹೋದವರೂ ನಮ್ಮಲ್ಲಿದ್ದಾರೆ. ಲೇಖಕ ಪಿ. ಲಂಕೇಶರ ಹೆಸರು ರಾವಣನದು. ಅವರ ಮಗನ ಹೆಸರು ರಾವಣನ ಮಗನದು, ಇಂದ್ರಜಿತ್. ಬೆಳಗಾವಿ ಜಿಲ್ಲೆಯ ರಾಯಬಾಗದ ಮತದಾರರು ಮತ್ತೆ ಮತ್ತೆ ಗೆಲ್ಲಿಸಿದ ಶಾಸಕರು ದುರ್ಯೋಧನ ಐಹೊಳೆ. ಉತ್ತರ ಕರ್ನಾಟಕದ ಊರುಗಳಲ್ಲಿ ದೊಡ್ಡಾಟದ ಕೌರವನಿಗೆ ಇರುವ ಅಭಿಮಾನ ಕಂಡವರಿಗೆ ಇದು ವಿಚಿತ್ರವೆನಿಸದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಪ್ರತಿ ಸಲವೂ ವಿವರಣೆ ಕೊಡಬೇಕಾಗುತ್ತದೆ. ಅಂಥ ಹೆಸರು ಹೊರುವವನು ಮಗ. ವಾದ ಮಾತ್ರ ಅಪ್ಪನದು.

ನಡುವಿನ ದಾರಿ ಒಂದಿದೆ. ಕೌರವರಲ್ಲೇ ವಿಕರ್ಣನಿದ್ದಾನೆ, ದ್ರೌಪದಿಯ ಪರವಾಗಿ ತುಂಬಿದ ಸಭೆಯಲ್ಲಿ ಎದ್ದು ಮಾತನಾಡಿದ ಹುಡುಗ. ಆ ಪಕ್ಷದಲ್ಲಿ ಇಡಲು ಯೋಗ್ಯವಾದ ಹೆಸರು ಅದು, ಶಾಲೆಯಲ್ಲಿ ಹೆಚ್ಚೆಂದರೆ ವಿಕ್ಕಿ ಆಗುತ್ತದೆ. ಸಾತ್ಯಕಿ ಮುರಿದರೆ ಸತ್ಯ. ಉಪನಿಷತ್ತಿನ ಸತ್ಯಕಾಮನೂ ಅಷ್ಟೇ: ತಂದೆ ಯಾರೆಂದು ಗೊತ್ತಿಲ್ಲ ಎಂಬ ನಿಜವನ್ನೇ ಗುರುವಿನ ಮುಂದೆ ಹೇಳಿದ ಬಾಲಕ, ತಾಯಿ ಜಬಾಲೆಯ ಹೆಸರಿನಿಂದ ಜಾಬಾಲನಾದವನು. ಒಬ್ಬಳೇ ತಾಯಿ ಬೆಳೆಸುವ ಮಗನಿಗೆ ಇದಕ್ಕಿಂತ ತಲೆಯೆತ್ತಿ ನಿಲ್ಲುವ ಹೆಸರು ನನಗೆ ತೋಚುವುದಿಲ್ಲ. ಯುಯುತ್ಸುವನ್ನು ಬಿಡಿ. ಅವನು ಒಳ್ಳೆಯವನೇ, ಆದರೆ ಆ ಹೆಸರನ್ನು ಫೋನಿನಲ್ಲಿ ಕೊರಿಯರ್ ಹುಡುಗನಿಗೆ ಹೇಳಿ ನೋಡಿ.

ಅಚ್ಚಗನ್ನಡದ ಹೆಸರುಗಳು

ಹೆಣ್ಣುಮಕ್ಕಳಿಗೆ ಇಂಚರ, ಸಿರಿ, ಇಬ್ಬನಿ ಎಂದು ಸಲೀಸಾಗಿ ಇಡುತ್ತೇವೆ. ಗಂಡುಮಕ್ಕಳ ಸರದಿ ಬಂದಾಗ ಸಂಸ್ಕೃತದ ಕಡೆ ಓಡುತ್ತೇವೆ. ನೇಸರ, ಮುಗಿಲ, ಕಲಿ, ಚೆನ್ನ ಇವೆಲ್ಲ ಕಾದು ಕುಳಿತಿವೆ. 'ಕಲಿ' ಎಂದರೆ ಹಳಗನ್ನಡದಲ್ಲಿ ಶೂರ. ಕಲಿಯುಗದ ಕಲಿಯೊಂದಿಗೆ ಗೊಂದಲವಾಗುವುದರಿಂದ ಪುರೋಹಿತರು ಹುಬ್ಬು ಗಂಟಿಕ್ಕಬಹುದು. ನೇಸರ ಇವುಗಳಲ್ಲಿ ಉತ್ತಮ, ಆದರೆ ಕೊನೆಯ 'ಅ' ಸ್ವರ ಕನ್ನಡದ ಗಡಿ ದಾಟಿದ ಕೂಡಲೇ ತೊಂದರೆ ಕೊಡುತ್ತದೆ: ಹಿಂದಿಯವರು ಅದನ್ನು ಉದುರಿಸಿ ನೇಸರ್ ಎನ್ನುತ್ತಾರೆ, ಇಂಗ್ಲಿಷ್‌ನವರು ಅದನ್ನು ಎಳೆದು ಹೆಣ್ಣಿನ ಹೆಸರಾಗಿ ಕೇಳಿಸಿಕೊಳ್ಳುತ್ತಾರೆ.

ಹೆಸರಿನ ಲಿಂಗ ಕಾಲದೊಂದಿಗೆ ಜಾರುವುದೂ ಉಂಟು. ಕುವೆಂಪು ತಮ್ಮ ಹಿರಿಯ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಎಂದೂ ಕಿರಿಯ ಮಗನಿಗೆ ಕೋಕಿಲೋದಯ ಚೈತ್ರ ಎಂದೂ ಹೆಸರಿಟ್ಟರು. ಕೋಗಿಲೆ ಕೂಗುವ ಚೈತ್ರಮಾಸವನ್ನೇ ಮಗನಿಗೆ ಇಡುವುದು ಕವಿಗೆ ಮಾತ್ರ ಹೊಳೆಯುವ ಸಂಗತಿ. ಇಂದು ಚೈತ್ರಾ ಎಂದರೆ ಹುಡುಗಿ ಎಂದೇ ಎಲ್ಲರೂ ಭಾವಿಸುತ್ತಾರೆ. ಆ ಎರಡು ಹೆಸರುಗಳ ಕಟ್ಟಡವನ್ನು ಮಾತ್ರ ಧಾರಾಳವಾಗಿ ಅನುಸರಿಸಬಹುದು: ಒಂದು ಭಾಗ ಉದ್ದ, ಇನ್ನೊಂದು ಭಾಗ ಕರೆಯಲು ಅನುಕೂಲ.

ಇನ್ನು ವ್ಯಕ್ತಿ, ವಸ್ತು, ವಿಚಾರಗಳ ಹೆಸರು. ಬೆಂಗಳೂರಿನ ಬಳಿಯ ಭದ್ರಾಪುರದ ಹಕ್ಕಿಪಿಕ್ಕಿ ಸಮುದಾಯದಲ್ಲಿ ಕಾಫಿ, ಹೈಕೋರ್ಟ್, ಸುಪ್ರೀಂ ಕೋರ್ಟ್, ಗೂಗಲ್ ಎಂಬ ಹೆಸರಿನವರಿದ್ದಾರೆ. ಪತ್ರಿಕೆಗಳು ಅದನ್ನು ತಮಾಷೆಯ ಸುದ್ದಿಯಾಗಿ ಬರೆಯುತ್ತವೆ. ಅವರಿಗೆ ಅದು ಮೆಚ್ಚಿದ್ದನ್ನು ಮಗುವಿಗೆ ಕೊಡುವ ರೀತಿ. ಊರಿಗೆ ಊರೇ ಹಾಗಿದ್ದಾಗ ಒಬ್ಬ ಹುಡುಗ ಒಂಟಿಯಾಗುವುದಿಲ್ಲ. ನೀವೊಬ್ಬರೇ ಅದನ್ನು ಮಾಡಹೊರಟರೆ ಲೆಕ್ಕ ಬೇರೆ. ನಾಯಕರ ಹೆಸರಿಗೆ ಇನ್ನೊಂದು ಅಪಾಯವಿದೆ: ಇತಿಹಾಸದ ತೀರ್ಪು ಬದಲಾಗುತ್ತದೆ. ತಮಿಳುನಾಡಿನ ಎಂ.ಕೆ. ಸ್ಟಾಲಿನ್ ಹುಟ್ಟಿದ್ದು 1953ರ ಮಾರ್ಚ್ 1ರಂದು, ರಷ್ಯಾದ ಸ್ಟಾಲಿನ್ ತೀರಿಕೊಂಡದ್ದು ನಾಲ್ಕು ದಿನಗಳ ನಂತರ. ಆಗ ಆ ಹೆಸರಿಗೆ ಇದ್ದ ಬೆಲೆ ಈಗ ಇಲ್ಲ.

ನಕ್ಷತ್ರದ ಅಕ್ಷರ ಸಿಕ್ಕಿಹಾಕಿಕೊಂಡಾಗ

27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರಗಳು. ಅಶ್ವಿನಿಗೆ ಚು, ಚೇ, ಚೋ, ಲ; ಮಖೆಗೆ ಮ, ಮಿ, ಮು, ಮೆ. ಮಖೆಯವರು ಪುಣ್ಯವಂತರು. ಹಸ್ತ ನಕ್ಷತ್ರದಲ್ಲಿ ಪು, ಷ, ಣ, ಠ ಬರುತ್ತವೆ; ಆರ್ದ್ರಾದ ಮೂರನೆಯ ಪಾದಕ್ಕೆ ಙ. ಙಕಾರದಿಂದ ಶುರುವಾಗುವ ಹೆಸರನ್ನು ಯಾವ ಜ್ಯೋತಿಷಿಯೂ ತಂದುಕೊಡಲಾರ. ಇದಕ್ಕೆ ಹಿರಿಯರೇ ದಾರಿ ಮಾಡಿಟ್ಟಿದ್ದಾರೆ: ನಾಮಕರಣದಲ್ಲಿ ನಕ್ಷತ್ರನಾಮ, ಮಾಸನಾಮ, ವ್ಯಾವಹಾರಿಕ ನಾಮ ಎಂದು ಬೇರೆ ಬೇರೆ ಇರುತ್ತವೆ. ಅಕ್ಕಿಯ ಮೇಲೆ ಉಂಗುರದಿಂದ ಬರೆಯುವಾಗ, ಕಿವಿಯಲ್ಲಿ ಉಸುರುವಾಗ ಅಕ್ಷರಕ್ಕೆ ಒಪ್ಪುವ ಹೆಸರು ಹೇಳಿ. ಪ್ರಮಾಣಪತ್ರಕ್ಕೆ ನಿಮ್ಮ ಆಯ್ಕೆಯ ಹೆಸರು ಕೊಡಿ. ಷ, ಠಗಳಿಗೆ ಹೊಂದಿಸಲು ಹೋಗಿ ಅರ್ಥವಿಲ್ಲದ ಹೆಸರು ಹುಟ್ಟಿಸುವುದಕ್ಕಿಂತ ಇದು ಎಷ್ಟೋ ಮೇಲು.

ವಿದೇಶದಲ್ಲಿ ಇರುವವರು, ಹೋಗುವ ಸಂಭವವಿರುವವರು

ಹರ್ಷಿತ್, ರಕ್ಷಿತ್‌ಗಳ ಕೊನೆಯ ಭಾಗ ಇಂಗ್ಲಿಷ್ ಕಿವಿಗೆ ಬೈಗುಳ. ಳ, ಣ ಇರುವ ಹೆಸರುಗಳು ಬೇರೆಯವರ ಬಾಯಲ್ಲಿ ಲ, ನ ಆಗುವುದು ಖಚಿತ. ಅದನ್ನು ಒಪ್ಪಿಕೊಂಡೇ ಇಡಬೇಕು. ಜರ್ಮನಿಯಲ್ಲಿ ಹೆಸರಿನಿಂದ ಮಗು ಗಂಡೋ ಹೆಣ್ಣೋ ತಿಳಿಯಬೇಕೆಂದು ನೋಂದಣಿ ಕಚೇರಿಗಳು ಬಹುಕಾಲ ಪಟ್ಟು ಹಿಡಿಯುತ್ತಿದ್ದವು. ಭಾರತೀಯ ಮೂಲದ ಕುಟುಂಬವೊಂದು ಮಗಳಿಗೆ ಕಿರಣ್ ಎಂದಷ್ಟೇ ಇಡಲು ಹೋರಾಡಿ, 2008ರ ಡಿಸೆಂಬರ್‌ನಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯದಲ್ಲಿ ಗೆದ್ದಿತು. ಗಂಡುಮಗನಿಗೆ ಚೈತ್ರ ಎಂದು ಇಡಬಯಸುವವರಿಗೆ ಈ ತೀರ್ಪು ಆಸರೆ.

ಇನ್ನೂ ದೊಡ್ಡ ತೊಡಕು ಒಂಟಿ ಹೆಸರಿನದು. ಹಳೆ ಮೈಸೂರಿನ ಕಡೆ ಮನೆತನದ ಹೆಸರು ಇಡುವ ರೂಢಿ ಕಡಿಮೆ, ಊರಿನ ಮತ್ತು ಅಪ್ಪನ ಹೆಸರಿನ ಇನಿಷಿಯಲ್‌ಗಳೇ ಸಾಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಹೆಸರು ಗೊತ್ತಿಲ್ಲ ಎಂಬ ಸಂಕೇತ ಬಂದು ಕೂರುತ್ತದೆ. ಎಷ್ಟು ಹುಡುಕಿ ಇಟ್ಟ ಹೆಸರಾದರೇನು, ಅಲ್ಲಿ ಹುಡುಗನ ಹೆಸರೇ ಎಫ್‌ಎನ್‌ಯು. ಯುಎಇ ಕೂಡ 2022ರ ನವೆಂಬರ್‌ನಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟಿನವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಆದ್ದರಿಂದ ಅಪ್ಪನ ಹೆಸರನ್ನಾದರೂ ಬಿಡಿಸಿ ಸೇರಿಸಿ, ಎರಡನ್ನೂ ಒಟ್ಟಿಗೆ ಓದಿ ನೋಡಿ.

ಉತ್ತರ ಕರ್ನಾಟಕದವರಿಗೆ ಈ ಚಿಂತೆ ಇಲ್ಲ, ಅಲ್ಲಿ ಅಡ್ಡಹೆಸರೇ ಅರ್ಧ ಕೆಲಸ ಮಾಡುತ್ತದೆ. ಪಾಟೀಲ, ಕುಲಕರ್ಣಿಗಳಂತೆ ಎಲ್ಲೆಡೆ ಸಿಗುವ ಅಡ್ಡಹೆಸರಿದ್ದರೆ ಮೊದಲ ಹೆಸರು ವಿರಳವಿರಲಿ. ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಅಡ್ಡಹೆಸರಿದ್ದರೆ ರವಿ ಎಂದಿಟ್ಟರೂ ಜನ ಮರೆಯುವುದಿಲ್ಲ, ವಿವಸ್ವಾನ್ ಉಳ್ಳಾಗಡ್ಡಿಯಂತೂ ಸ್ವಲ್ಪ ಹೆಚ್ಚೇ ಆಯಿತು.

ಕಾಗದಕ್ಕೆ ಏರಿಸುವ ಮುನ್ನ

ಜನನದ ಮಾಹಿತಿ 21 ದಿನಗಳೊಳಗೆ ನೋಂದಣಿಗೆ ಹೋಗಬೇಕು, ಆದರೆ ಆಗಲೇ ಹೆಸರು ಇರಬೇಕೆಂದಿಲ್ಲ. ಆಸ್ಪತ್ರೆಯ ಗುಮಾಸ್ತರು ಅವಸರ ಮಾಡಿದರೆ ತಾತ್ಕಾಲಿಕ ಹೆಸರು ಬರೆಸಬೇಡಿ, ಆ ಜಾಗವನ್ನು ಖಾಲಿ ಬಿಡಲು ಹೇಳಿ. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಖಾಲಿ ಜಾಗ ತುಂಬುವುದು ಸುಲಭ, ತುಂಬಿದ್ದನ್ನು ಬದಲಿಸುವುದು ಕಷ್ಟ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿನ ಪುರಾವೆ ಈ ಪ್ರಮಾಣಪತ್ರವೇ ಆಗಿರುವುದರಿಂದ ಅಲ್ಲಿಯ ಕಾಗುಣಿತವೇ ಮುಂದೆ ಎಲ್ಲೆಡೆ ಹಿಂಬಾಲಿಸುತ್ತದೆ. ಆಧಾರ್‌ನಲ್ಲಿ ಹೆಸರನ್ನು ಬದುಕಿನಲ್ಲಿ ಎರಡು ಸಲ ಮಾತ್ರ ಬದಲಿಸಲು ಅವಕಾಶ.

ಅಪರೂಪದ ಹೆಸರಿಗೆ ಇಲ್ಲೊಂದು ಹೆಚ್ಚಿನ ಕಾಟವಿದೆ. ಮಂಜುನಾಥ ಎಂಬುದನ್ನು ಯಾವ ಗುಮಾಸ್ತರೂ ತಪ್ಪು ಬರೆಯುವುದಿಲ್ಲ. ನೇಸರನನ್ನು ನೆಸರ ಎಂದೂ ವಿಕರ್ಣನನ್ನು ವಿಕ್ರಂ ಎಂದೂ ಬರೆಯುತ್ತಾರೆ. ಇಂಗ್ಲಿಷ್‌ನಿಂದ ಕನ್ನಡಕ್ಕೆ ತಂತಾನೇ ಲಿಪ್ಯಂತರ ಮಾಡುವ ತಂತ್ರಾಂಶ ಇನ್ನೊಂದು ರೂಪ ಕೊಡುತ್ತದೆ. ಇಂಗ್ಲಿಷ್ ಕಾಗುಣಿತವನ್ನು ಮನೆಯಲ್ಲೇ ಒಮ್ಮೆ ನಿರ್ಧರಿಸಿ, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ದೊಡ್ಡ ಅಕ್ಷರಗಳಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪರದೆಯ ಮೇಲೆ ಎರಡೂ ಸಾಲುಗಳನ್ನು ಓದಿದ ಮೇಲಷ್ಟೇ ಮುದ್ರಿಸಲು ಹೇಳಿ.